ಕನ್ನಡಿ ಪೆಟ್ಟಿಗೆ: ಒಂದು ಆನ್‌ಲೈನ್‌ನದ್ದು, ಒಂದು ಡೊಂಬಿವಲಿಯ ಫ್ರೇಮ್ ಅಂಗಡಿಯದ್ದು

ಕೈ ಹೋದಮೇಲೂ ಅದೇ ಕೈ ನೋಯುತ್ತಿರುವವರಿಗೆ, ಅಂಥವರು ಮನೆಯಲ್ಲಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಇರುವ ಕೈಯನ್ನು ಕನ್ನಡಿಯಲ್ಲಿ ನೋಡುತ್ತ, ಹೋದ ಕೈಯೇ ಆಡುತ್ತಿದೆ ಎಂದು ಕಣ್ಣಿಗೆ ತೋರಿಸಿ ಆ ನೋವು ಇಳಿಸಲು ನೋಡುವ ಸಾಮಾನು ಕನ್ನಡಿ ಪೆಟ್ಟಿಗೆ. ಹದಿನಾರು ತಿಂಗಳಲ್ಲಿ ನಾನು ಅಂಥವು ಎರಡು ಬಳಸಿದೆ. ಮೊದಲನೆಯದು ಆನ್‌ಲೈನ್‌ನಲ್ಲಿ 2,150 ರೂಪಾಯಿಗೆ ತರಿಸಿದ ಮಡಚುವ ಪೆಟ್ಟಿಗೆ. ಎರಡನೆಯದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಫಡಕೆ ರೋಡಿನಿಂದ ಒಳಗೆ ಹೋಗುವ ಒಂದು ಗಲ್ಲಿಯ ಫ್ರೇಮ್ ಅಂಗಡಿಯಲ್ಲಿ 900 ರೂಪಾಯಿಗೆ ಮಾಡಿಸಿದ್ದು. ಕೊಳ್ಳುವ ಮೊದಲು ಕನ್ನಡದಲ್ಲಿ ಯಾರಾದರೂ ಈ ಬಗ್ಗೆ ಬರೆದಿದ್ದಾರೆಯೇ ಎಂದು ಬಹಳ ಹುಡುಕಿದ್ದೆ, ಒಂದು ಸಾಲೂ ಸಿಕ್ಕಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಪುಸ್ತಕ ಕಟ್ಟುವ ಬೈಂಡರ್. ಕಾರ್ಕಳದ ಕಡೆಯವನು, 1988ರಲ್ಲಿ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಲೋವರ್ ಪರೇಲಿನ ಬೈಂಡಿಂಗ್ ಕಾರ್ಖಾನೆಗೆ ಸೇರಿದವನು ಅಲ್ಲೇ ಉಳಿದೆ. ಕಾಗದವನ್ನು ಬೆರಳಲ್ಲಿ ಮುಟ್ಟಿದರೆ ಅದು 70 ಜಿಎಸ್‌ಎಂನದೋ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) 80ರದೋ ಹೇಳಬಲ್ಲೆ. ಫರ್ಮಾ, ಅಂದರೆ ಪುಸ್ತಕದ ಅಚ್ಚಾದ ಹಾಳೆಗಳ ಕಟ್ಟು, ಎಣಿಸುವಾಗ ಹಾಳೆ ಬೀಸಿ ಹಿಡಿಯುತ್ತಿದ್ದದ್ದು ಎಡಗೈ. 2023ರ ಅಕ್ಟೋಬರಿನಲ್ಲಿ, ಕ್ಯಾಲೆಂಡರ್ ಮತ್ತು ಡೈರಿಯ ಸೀಸನ್ನಿನಲ್ಲಿ, ಆ ಕೈ ಕಟಿಂಗ್ ಮಷೀನಿಗೆ ಸಿಕ್ಕಿತು. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಕೆಲಸ ಬೇಗ ಆಗಲೆಂದು ನಮ್ಮಲ್ಲಿ ಒಂದು ಬಟನ್ನನ್ನು ಕಟ್ಟಿ ಇಟ್ಟಿದ್ದರು. ಅದರ ಕೇಸು ನಡೆಯುತ್ತಿದೆ, ಆ ಮಾತು ಇಲ್ಲಿ ಬೇಡ. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಆರು ಬೆರಳಗಲ ಉಳಿಸಿ ತೆಗೆದರು.

ಹೋದ ಕೈ ಹೋಗಲಿಲ್ಲ ಎಂದು ಗೊತ್ತಾದದ್ದು ಮೂರನೇ ದಿನ. ಕಣ್ಣು ಮುಚ್ಚಿದರೆ ಐದು ಬೆರಳೂ ಅಲ್ಲೇ ಇದ್ದವು. ಹೆಬ್ಬೆರಳು ಎಲ್ಲಿದೆ, ಕಿರುಬೆರಳು ಎಲ್ಲಿದೆ ಎಂದು ಬೇರೆ ಬೇರೆಯಾಗಿ ಹೇಳಬಲ್ಲವನಾಗಿದ್ದೆ. ಆದರೆ ಅಂಗೈ ಅಗಲವಾಗಿ, ಚಪ್ಪಟೆಯಾಗಿ, ಯಾವುದೋ ಭಾರದ ಕೆಳಗೆ ಒತ್ತಿಹೋಗಿತ್ತು. ಬ್ಲೇಡು ಬೀಳುವ ಮೊದಲು ಕಾಗದವನ್ನು ಅದುಮಿ ಹಿಡಿಯಲು ಕ್ಲ್ಯಾಂಪ್ ಇಳಿಯುತ್ತದೆ. ಕೈ ಮೊದಲು ಸಿಕ್ಕಿದ್ದು ಅದರ ಕೆಳಗೆ, ಮತ್ತು ಅದು ಅಲ್ಲೇ ನಿಂತುಬಿಟ್ಟಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಎತ್ತಲು ಕೈಯೇ ಇಲ್ಲದ ಕೈಯ ಮೇಲಿನ ಭಾರ ಎತ್ತಿ ಎಂದು ಹೆಂಡತಿಗೆ ಹೇಳುತ್ತಿದ್ದೆ.

ಒಬ್ಬ ವೈದ್ಯರು ಇದು ಭ್ರಮೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ, ಮರೆತುಬಿಡಿ ಎಂದರು. ಊರಿನಿಂದ ಬಂದ ನೆಂಟರೂ ಅದನ್ನೇ ಹೇಳಿದರು. ಮರೆಯುವುದು ನನ್ನ ಕೈಯಲ್ಲಿರಲಿಲ್ಲ. ದಾದರಿನಲ್ಲಿ ಒಮ್ಮೆ ಲೋಕಲ್ ಹತ್ತುವಾಗ ಬಲಗೈಯಲ್ಲಿ ಚೀಲವಿತ್ತು, ಬಾಗಿಲ ಕಂಬ ಹಿಡಿಯಲು ಎಡಗೈ ತಾನಾಗಿ ಚಾಚಿಕೊಂಡಿತು. ಬೆರಳು ಕಂಬವನ್ನು ಸುತ್ತಿದ್ದೂ ನನಗೆ ತಿಳಿಯಿತು. ಹಿಂದಿದ್ದವರು ಬೆನ್ನಿಗೆ ಕೈ ಕೊಡದೆ ಇದ್ದರೆ ಪ್ಲಾಟ್‌ಫಾರ್ಮಿಗೆ ಬೀಳುತ್ತಿದ್ದೆ. ಮಣಿಕಟ್ಟಿನ ಸುತ್ತ ಗಡಿಯಾರದ ಪಟ್ಟಿಯ ಬಿಗಿಯೂ ಇತ್ತು. ಮದುವೆಯಲ್ಲಿ ಮಾವ ಕೊಟ್ಟ ಎಚ್‌ಎಂಟಿ ಗಡಿಯಾರ ಅದು; ಮಷೀನಿನ ಹತ್ತಿರ ಹೋಗುವಾಗ ಯಾವಾಗಲೂ ಬಿಚ್ಚಿ ಡ್ರಾಯರಿನಲ್ಲಿ ಇಡುತ್ತಿದ್ದೆ, ಆ ದಿನವೂ ಇಟ್ಟಿದ್ದೆ. ಗಡಿಯಾರ ಉಳಿಯಿತು, ಈಗಲೂ ಓಡುತ್ತಿದೆ.

ನನ್ನ ಮಗಳು ಎಷ್ಟೋ ಓದಿ ಹೇಳಿದಳು. 16ನೇ ಶತಮಾನದಲ್ಲೇ ಫ್ರಾನ್ಸಿನ ಆಂಬ್ರ್ವಾಸ್ ಪಾರೆ ಎಂಬ ಶಸ್ತ್ರವೈದ್ಯ, ಕೈಕಾಲು ಕತ್ತರಿಸಿದ ಸೈನಿಕರು ಇಲ್ಲದ ಅಂಗದ ನೋವು ಹೇಳುತ್ತಿದ್ದುದನ್ನು ಬರೆದಿಟ್ಟಿದ್ದನಂತೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ಸೈಲಸ್ ವೀರ್ ಮಿಚೆಲ್ 1870ರ ದಶಕದ ಆರಂಭದಲ್ಲಿ ಅದಕ್ಕೆ ‘ಫ್ಯಾಂಟಮ್ ಲಿಂಬ್’ ಎಂದು ಹೆಸರಿಟ್ಟ. ಅಂಗ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಅದು ಇನ್ನೂ ಇರುವಂತೆ ಅನಿಸುತ್ತದೆ, ಅವರಲ್ಲಿ ಬಹಳ ಮಂದಿಗೆ ನೋವೂ ಇರುತ್ತದೆ. ಇದನ್ನು ಕೇಳಿದ ರಾತ್ರಿ ನಾನು ಅತ್ತೆ. ಅಷ್ಟು ದಿನ ನನಗೊಬ್ಬನಿಗೇ ಹೀಗಾಗಿದೆ ಎಂದುಕೊಂಡಿದ್ದೆ.

ಕನ್ನಡಿಯ ವಿಷಯ ಮೊದಲು ಹೇಳಿದವರು ಠಾಣೆಯ ಒಬ್ಬ ಫಿಸಿಯೋಥೆರಪಿಸ್ಟ್, ಮರಾಠಿ ಹುಡುಗಿ. ಅವರ ಬಗ್ಗೆ ನನಗೆ ಒಳ್ಳೆಯ ಮಾತಲ್ಲದೆ ಬೇರೆ ಇಲ್ಲ. ಮೊದಲ ದಿನವೇ, “ಕಾಕಾ, ನಿಮ್ಮ ನೋವು ನಿಜ” ಎಂದರು. ಎಂಟು ತಿಂಗಳಲ್ಲಿ ಹಾಗೆ ಹೇಳಿದ ಮೊದಲನೆಯವರು ಅವರು. ನೇರ ಕನ್ನಡಿಗೆ ಕೂರಿಸಲಿಲ್ಲ. ಎರಡು ವಾರ ಕೈಗಳ ಫೋಟೋ ಇರುವ ಕಾರ್ಡು ತೋರಿಸಿ ಇದು ಎಡವೋ ಬಲವೋ ಎಂದು ಕೇಳಿದರು. ಬಲಗೈಯ ಚಿತ್ರಕ್ಕೆ ಥಟ್ಟನೆ ಉತ್ತರ ಬರುತ್ತಿತ್ತು, ಎಡಗೈಗೆ ತಡವಾಗುತ್ತಿತ್ತು. ಆಮೇಲೆ ಎರಡು ವಾರ ಎಡಗೈ ಆಡಿಸುವುದನ್ನು ಬರೀ ಕಲ್ಪಿಸಿಕೊಳ್ಳುವುದು. ಕನ್ನಡಿ ಬಂದದ್ದು ಅದರ ನಂತರ. ಸೀದಾ ಕನ್ನಡಿ ಕೊಂಡು ಶುರುಮಾಡುವವರು ಈ ಮೆಟ್ಟಿಲುಗಳ ಬಗ್ಗೆ ತಿಳಿದವರನ್ನು ಒಮ್ಮೆ ಕೇಳಿ.

ನೋವಿನ ಕಾರಣವನ್ನೂ ಅವರು ವಿವರಿಸಿದ್ದರು. ಮಿದುಳಿನ ಮೇಲ್ಪದರದಲ್ಲಿ ಒಂದು ಪಟ್ಟಿಯುದ್ದಕ್ಕೂ ಇಡೀ ದೇಹದ ನಕ್ಷೆ ಇದೆ. ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ, ಎಲ್ಲಿ ಮುಟ್ಟಿಸಿದರೆ ದೇಹದಲ್ಲಿ ಎಲ್ಲಿ ತಿಳಿಯುತ್ತದೆ ಎಂದು ಕೇಳಿ ಕೇಳಿ ಆ ನಕ್ಷೆ ತೆಗೆದರು. ಅದು 1937ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆನ್ನಿಗೆ ಸಿಕ್ಕ ಜಾಗ ಚಿಕ್ಕದು, ಬೆರಳುಗಳಿಗೆ ಮತ್ತು ತುಟಿಗೆ ಸಿಕ್ಕಿದ್ದು ದೊಡ್ಡದು. ಕೈಯ ಪಕ್ಕದಲ್ಲೇ ಮುಖ. “ನಿಮ್ಮ ಕೈಯ ಖೋಲಿ ಖಾಲಿಯಾಯಿತು ಕಾಕಾ, ಪಕ್ಕದ ಖೋಲಿಯವರು ಗೋಡೆ ಒಡೆದು ಒಳಗೆ ಬಂದರು, ಆ ಗಲಾಟೆಯೇ ನೋವು” ಎಂದರು. ಖೋಲಿ ಎಂದರೆ ಕೋಣೆ; ಸಾಲು ಖೋಲಿಗಳ ಚಾಳಿನಲ್ಲಿ ಹನ್ನೊಂದು ವರ್ಷ ಇದ್ದವನಿಗೆ ಇದು ಕೂಡಲೇ ಅರ್ಥವಾಯಿತು. ಆ ಮಾತಿಗೆ ಆಧಾರವೂ ಇತ್ತು. ಕೈಯಿಂದ ಬರುವ ನರಗಳನ್ನು ವರ್ಷಗಳ ಹಿಂದೆ ಕತ್ತರಿಸಿದ್ದ ಕೋತಿಗಳಲ್ಲಿ, ಮುಖ ಮುಟ್ಟಿದರೆ ಕೈಯ ಜಾಗ ಸ್ಪಂದಿಸುತ್ತಿತ್ತು ಎಂದು 1991ರಲ್ಲಿ ತೋರಿಸಿದ್ದರು. ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡ ಕೆಲವರ ಕೆನ್ನೆಯನ್ನು ಹತ್ತಿಯಿಂದ ಸವರಿದಾಗ ಇಲ್ಲದ ಬೆರಳುಗಳಲ್ಲಿ ಸ್ಪರ್ಶವಾಗುತ್ತದೆ ಎಂದು ಕಂಡರು. 1990ರ ದಶಕದ ಮಧ್ಯದಲ್ಲಿ ಕನ್ನಡಿ ಪೆಟ್ಟಿಗೆಯನ್ನು ಮಾಡಿದವರೂ ಅವರೇ.

ನನ್ನ ಕೆನ್ನೆಗೂ ಹತ್ತಿ ಸವರಿದರು. ಕೆನ್ನೆಯಲ್ಲಿ ಹತ್ತಿ ತಿಳಿಯಿತು, ಅಷ್ಟೇ. ಮೋಟುಗೈಯ ಒಳಬದಿಯಲ್ಲಿ ಒಂದು ಕಡೆ ಒತ್ತಿದಾಗ ಮಾತ್ರ ಕಿರುಬೆರಳು ಎದ್ದಿತು. ಆಗ ನನಗೆ, ಪುಸ್ತಕದಲ್ಲಿ ಹೇಳಿದ ಹಾಗೆ ನನಗೆ ಆಗುತ್ತಿಲ್ಲವಲ್ಲ ಎಂದು ಬೇಜಾರಾಗಿತ್ತು. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಸಾಮಾನಿನ ವಿಚಾರ. ಆನ್‌ಲೈನ್ ಪೆಟ್ಟಿಗೆ ನೋಡಲು ಚೆಂದ. ಕಪ್ಪು ಬಟ್ಟೆ, ವೆಲ್ಕ್ರೋ, ಮಡಚಿದರೆ ಚೀಲದಲ್ಲಿ ಹೋಗುತ್ತದೆ, ತೂಕ ಒಂದು ಕಿಲೋದ ಒಳಗೆ. ಒಂದೇ ಕೈಯಲ್ಲಿ ಎತ್ತಬಹುದು, ಇದು ನಮಗೆ ಸಣ್ಣ ಅನುಕೂಲವಲ್ಲ. ಆದರೆ ಕನ್ನಡಿ ಅಕ್ರಿಲಿಕ್‌ನದು, ದಪ್ಪ ಎರಡು ಮಿಲಿಮೀಟರ್. ಮಡಚಿ ಬಿಚ್ಚಿ ಮಾಡಿದಂತೆ ನಡುವೆ ಉಬ್ಬಿಕೊಂಡಿತು. ಉಬ್ಬಿದ ಕನ್ನಡಿಯಲ್ಲಿ ಬೆರಳು ಉದ್ದವಾಗುತ್ತದೆ, ಅಂಗೈ ಸೊಟ್ಟಗಾಗುತ್ತದೆ. ಬೇರೆಯವರಿಗೆ ಇದು ಸಣ್ಣ ದೋಷ ಅನಿಸಬಹುದು. ನಮ್ಮ ಕೆಲಸಕ್ಕೆ ಇದೇ ಎಲ್ಲ: ಕಣ್ಣಿಗೆ ಕಂಡದ್ದು ನನ್ನ ಕೈ ಎಂದು ಒಳಗಿನಿಂದ ಒಪ್ಪಿಗೆ ಬರಬೇಕು, ಸೊಟ್ಟ ಕೈಗೆ ಆ ಒಪ್ಪಿಗೆ ಬರುವುದೇ ಇಲ್ಲ. ಎರಡನೆಯ ದೋಷ ಅಳತೆಯದು. ಎತ್ತರ ಎಂಟೇ ಇಂಚು, ಆದ್ದರಿಂದ ಮೇಲಿನಿಂದ ಅಂಗಿಯ ಮಡಚಿದ ಖಾಲಿ ತೋಳು ಕಾಣುತ್ತಲೇ ಇರುತ್ತದೆ. ಕನ್ನಡಿಯೊಳಗೆ ಮಣಿಕಟ್ಟಿನವರೆಗೆ ಮಾತ್ರ ಕೈ, ಅಲ್ಲಿಂದಾಚೆ ಕಪ್ಪು ಬಟ್ಟೆ. ಮೋಟುಗೈ ಒಳಗಿಡುವ ಕಿಂಡಿಯೂ ಕಿರಿದು. ಬಾತುಕೊಂಡ ದಿನ ಉಜ್ಜಿ ಉರಿ ಬರುತ್ತಿತ್ತು. ಏಳು ವಾರ ಬಳಸಿದೆ. ನೋವಿನಲ್ಲಿ ಹೇಳುವಂಥ ವ್ಯತ್ಯಾಸವಾಗಲಿಲ್ಲ. ಕನ್ನಡಿಯಿಂದ ನನಗೆ ಪ್ರಯೋಜನವಿಲ್ಲ ಎಂದೇ ತೀರ್ಮಾನಿಸಿದ್ದೆ.

ಒಂದು ಭಾನುವಾರ ಮಗಳ ಪದವಿಯ ಫೋಟೋ ಕಟ್ಟು ಹಾಕಿಸಲು ಫ್ರೇಮ್ ಅಂಗಡಿಗೆ ಹೋದೆವು. ಅಂಗಡಿಯವರು ವಿಜಯಪುರದ ಕಡೆಯವರು, ಕನ್ನಡದಲ್ಲೇ ಮಾತು. ಗೋಡೆಗೆ ಒರಗಿಸಿದ್ದ ದೊಡ್ಡ ಕನ್ನಡಿಯಲ್ಲಿ ನನ್ನ ಬಲಗೈ ಕಂಡಿತು, ಉಬ್ಬು ತಗ್ಗು ಇಲ್ಲದೆ, ರೋಮದ ಸಮೇತ. ಅಲ್ಲೇ ನಿಂತು ಮೋಟುಗೈಯನ್ನು ಹಿಂದೆ ಸರಿಸಿ ಬಲಗೈ ಬೆರಳು ಮಡಚಿ ನೋಡಿದೆ. ಅವರು ಸುಮ್ಮನೆ ನೋಡುತ್ತಿದ್ದರು. ವಿಷಯ ತಿಳಿಸಿದಾಗ ಹೆಚ್ಚು ಪ್ರಶ್ನೆ ಕೇಳಲಿಲ್ಲ. “ಹಂಗಾದ್ರ ಗಾಜಿಂದೇ ಬೇಕ್ರಿ ನಿಮಗ. ನಾಕು ಎಂಎಂ ಹಾಕೋಣು. ಅದಕ್ಕಿಂತ ತೆಳ್ಳಂದು ನಡಗ್ತದ, ದಪ್ಪಂದು ಒಂದ ಕೈಲೆ ಎತ್ತಾಕ ಆಗಂಗಿಲ್ಲ” ಎಂದರು. ಒಂದೇ ಕೈಯಲ್ಲಿ ಎತ್ತಬೇಕಾಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆ ಪೆಟ್ಟಿಗೆ ಮಾರಿದವರು ಯಾರೂ ಇಷ್ಟು ಯೋಚಿಸಿರಲಿಕ್ಕಿಲ್ಲ.

ಉದ್ದ 24 ಇಂಚು, ಎತ್ತರ 18. ಬೆನ್ನಿಗೆ ಪ್ಲೈವುಡ್, ಸುತ್ತ ಸಾಗವಾನಿಯ ಸಣ್ಣ ಪಟ್ಟಿ, ಕೆಳಗೆ ಎರಡು ಅಡ್ಡ ಕಾಲು, ಕಾಲಿಗೆ ರಬ್ಬರು. ಅಂಚನ್ನೆಲ್ಲ ಉಜ್ಜಿಸಿ ನಯ ಮಾಡಿದರು. ಎತ್ತಲು ಹಿಡಿಕೆ ಮಾತ್ರ ನಾನೇ ಹಾಕಿದೆ, ಬೈಂಡಿಂಗಿನ ಕ್ಯಾಲಿಕೋ ಬಟ್ಟೆ ನಾಲ್ಕು ಪದರ ಮಡಚಿ. ಹೊಲಿಗೆ ಹಾಕುವಾಗ ಹೆಂಡತಿ ಹಿಡಿದುಕೊಂಡಳು. ಅಪಘಾತದ ನಂತರ ನಾನು ಮಾಡಿದ ಮೊದಲ ಬೈಂಡಿಂಗ್ ಕೆಲಸ ಅದು. ಒಟ್ಟು ತೂಕ ನಾಲ್ಕು ಕಿಲೋಕ್ಕಿಂತ ಹೆಚ್ಚು. ಪ್ರಯಾಣಕ್ಕೆ ಒಯ್ಯಲಾಗುವುದಿಲ್ಲ, ಊರಿಗೆ ಹೋದಾಗ ಹದಿನೈದು ದಿನ ಅಭ್ಯಾಸ ತಪ್ಪುತ್ತದೆ. ಇದರ ದೊಡ್ಡ ಕೊರತೆ ಇದೊಂದೇ.

ಕನ್ನಡಿಯನ್ನು ಎದೆಯ ನಡುವಿನಿಂದ ಮುಂದಕ್ಕೆ, ಮೇಜಿನ ಮೇಲೆ ಉದ್ದವಾಗಿ ನಿಲ್ಲಿಸಬೇಕು. ಮೋಟುಗೈ ಹಿಂದೆ, ಇರುವ ಕೈ ಮುಂದೆ. ತಲೆ ಸ್ವಲ್ಪ ವಾಲಿಸಿ ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಕೈಯನ್ನೂ ಒಟ್ಟಿಗೆ ಆಡಿಸಬೇಕು: ಇರುವುದನ್ನೂ, ಇಲ್ಲದ್ದನ್ನೂ. ದಿನಕ್ಕೆ 15 ನಿಮಿಷ. ಕೈಯಲ್ಲಿ ಉಂಗುರ, ಗಡಿಯಾರ ಇದ್ದರೆ ತೆಗೆದುಬಿಡಿ ಎಂದು ಎಲ್ಲ ಕಡೆ ಹೇಳುತ್ತಾರೆ, ಯಾಕೆಂದರೆ ಅವು ಹೋದ ಕೈಯಲ್ಲಿ ಇರಲಿಲ್ಲ. ನನ್ನದು ಉಲ್ಟಾ. ನನ್ನ ಎಡಗೈಯಲ್ಲಿ ಮೂವತ್ತು ವರ್ಷ ಗಡಿಯಾರವಿತ್ತು. ಮೂರನೇ ದಿನ ಎಚ್‌ಎಂಟಿಯನ್ನು ಬಲಗೈಗೆ ಕಟ್ಟಿಸಿಕೊಂಡು ಕೂತೆ. ಕನ್ನಡಿಯೊಳಗಿನ ಎಡಗೈಯಲ್ಲಿ ಗಡಿಯಾರ ಬಂತು. ಅಂಕಿಗಳು ತಿರುಗುಮುರುಗಾಗಿದ್ದವು, ಸೆಕೆಂಡಿನ ಮುಳ್ಳು ಹಿಂದಕ್ಕೆ ಸುತ್ತುತ್ತಿತ್ತು. ಆದರೂ ಆ ಕ್ಷಣ ಮಣಿಕಟ್ಟಿನ ಬಿಗಿಗೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಯಿತು. ಅದು ಬಂದು ಸೇರಿದ ಹಾಗೆ ಆಯಿತು. ಇದಕ್ಕಿಂತ ಸರಿಯಾದ ಮಾತು ನನಗೆ ಸಿಗುತ್ತಿಲ್ಲ. ಫಿಸಿಯೋ ಅವರಿಗೆ ಹೇಳಿದಾಗ, ಹಾಗಾದರೆ ಗಡಿಯಾರ ಇರಲಿ ಕಾಕಾ ಎಂದರು.

ಭಾರದ ವಿಷಯ ಹೊಳೆದದ್ದು ಹೆಂಡತಿಗೆ. ಅರ್ಧ ರೀಮ್ ಕಾಗದ, ಒಂದು ಕಿಲೋಕ್ಕಿಂತ ಚೂರು ಹೆಚ್ಚು, ನನ್ನ ಬಲ ಅಂಗೈಯ ಮೇಲೆ ಇಟ್ಟಳು. ಕನ್ನಡಿಯಲ್ಲಿ ಎಡಗೈ ಕಾಗದದ ಕೆಳಗೆ ಒತ್ತಿಕೊಂಡಿತ್ತು, ರಾತ್ರಿ ನನಗೆ ಇರುತ್ತಿದ್ದ ಹಾಗೆಯೇ. ಮೈಯೆಲ್ಲ ಬೆವರಿತು. “ಈಗ ತೆಗೆಯುತ್ತೇನೆ, ನೋಡಿ” ಎಂದು ಹೇಳಿ ಐದೈದೇ ಹಾಳೆಯಂತೆ ತೆಗೆಯುತ್ತ ಹೋದಳು. ಕೊನೆಯ ಹಾಳೆ ಹೋದಮೇಲೆ ಬಲಗೈಯನ್ನು ನಿಧಾನ ಮೇಲೆತ್ತಿ ಬೆರಳು ಬಿಡಿಸಿದೆ. ಹನ್ನೊಂದು ತಿಂಗಳಿನಿಂದ ಚಪ್ಪಟೆಯಾಗಿದ್ದ ಬೆರಳುಗಳು ಕ್ಲ್ಯಾಂಪಿನಿಂದ ಹೊರಗೆ ಬಂದವು. ಎರಡು ಮೂರು ಸೆಕೆಂಡು ಇರಬಹುದು. ಮತ್ತೆ ಮರಳಿ ಹೋದವು. ಮರುದಿನ ಇನ್ನಷ್ಟು ಹೊತ್ತು ನಿಂತವು.

ನೋವನ್ನು ದಿನವೂ ಹತ್ತರಲ್ಲಿ ಎಷ್ಟು ಎಂದು ಬರೆದಿಟ್ಟಿದ್ದೇನೆ. ಮೊದಲು ರಾತ್ರಿಯ ಅಂಕ ಏಳು, ಎಂಟು. ಫ್ರೇಮಿನವರ ಕನ್ನಡಿ ಬಂದ ಐದನೇ ವಾರಕ್ಕೆ ನಾಲ್ಕು. ಈಗ ಎರಡು, ಕೆಲವು ರಾತ್ರಿ ಸೊನ್ನೆ. ಜುಲೈ ಮಳೆಯಲ್ಲಿ ಹನ್ನೆರಡು ದಿನ ಮತ್ತೆ ಆರಕ್ಕೆ ಏರಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ನರದ ನೋವಿಗೆ ಕೊಡುವ ಪ್ರೆಗಾಬಾಲಿನ್ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ, ನೀವಾಗಿ ಇಳಿಸಬೇಡಿ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡ 22 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ದಿನಕ್ಕೆ 15 ನಿಮಿಷ, ನಾಲ್ಕು ವಾರವೇ ಲೆಕ್ಕ. ಕೆಲವರಿಗೆ ನಿಜವಾದ ಕನ್ನಡಿ, ಕೆಲವರಿಗೆ ಬಟ್ಟೆ ಮುಚ್ಚಿದ ಕನ್ನಡಿ, ಕೆಲವರಿಗೆ ಬರೀ ಕಲ್ಪನೆ. ನಿಜವಾದ ಕನ್ನಡಿಯ ಗುಂಪಿನವರಿಗೆ ನೋವು ಇಳಿಯಿತು. ಆಮೇಲಿನ ಪರೀಕ್ಷೆಗಳಲ್ಲಿ ಎಲ್ಲ ಕಡೆಯೂ ಅಷ್ಟು ಚೆನ್ನಾಗಿ ಬಂದಿಲ್ಲ, ಮೊದಮೊದಲು ತಲೆ ತಿರುಗುವವರೂ ಇದ್ದಾರೆ. ಮೊದಲ ವಾರ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿರಲಿ.

ಇನ್ನು ಹತ್ತಿಯ ವಿಚಾರ. 2025ರ ಆಗಸ್ಟಿನಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕ ಮತ್ತು ಬ್ರಿಟನ್ನಿನ ಹಂಟರ್ ಶೋನ್, ಟಮಾರ್ ಮೇಕಿನ್, ಕ್ರಿಸ್ ಬೇಕರ್ ಮೊದಲಾದವರದ್ದು. ಮಗಳು ಎರಡು ಸಂಜೆ ಕೂತು ಕನ್ನಡದಲ್ಲಿ ಹೇಳಿದಳು. ಇದುವರೆಗಿನ ಅಧ್ಯಯನಗಳೆಲ್ಲ ಸಾಮಾನ್ಯವಾಗಿ ಕೈ ಹೋದಮೇಲೆ ಮಿದುಳನ್ನು ನೋಡಿದವು. ಇವರು, ವೈದ್ಯಕೀಯ ಕಾರಣಕ್ಕೆ ತೋಳು ತೆಗೆಯಲೇಬೇಕಾಗಿದ್ದ ಮೂವರನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಒಂದೊಂದೇ ಬೆರಳು ಆಡಿಸಿ, ತುಟಿ ಆಡಿಸಿ ಎಂದು ಹೇಳಿ ನಕ್ಷೆ ತೆಗೆದಿಟ್ಟುಕೊಂಡರು. ತೋಳು ಹೋದಮೇಲೆ ಮತ್ತೆ ಮಲಗಿಸಿ, ಈಗ ಇಲ್ಲದ ಬೆರಳು ಆಡಿಸಿ ಎಂದರು. ಒಬ್ಬರನ್ನು ಐದು ವರ್ಷ ಕಳೆದ ಮೇಲೂ ನೋಡಿದರು. ಕೈಯ ನಕ್ಷೆ ಮೊದಲಿನ ಹಾಗೆಯೇ ಇತ್ತು. ಮೊದಲಿನ ನಕ್ಷೆಯನ್ನು ಕಲಿಸಿಕೊಟ್ಟ ಕಂಪ್ಯೂಟರು, ಆಮೇಲೆ ಯಾವ ಇಲ್ಲದ ಬೆರಳು ಆಡುತ್ತಿದೆ ಎಂದು ಗುರುತಿಸುವಷ್ಟು. ತುಟಿ ತನ್ನ ಜಾಗ ಬಿಟ್ಟು ಕೈಯ ಜಾಗಕ್ಕೆ ಬಂದಿರಲಿಲ್ಲ.

“ಅಪ್ಪ, ನಿಮ್ಮ ಖೋಲಿಗೆ ಯಾರೂ ನುಗ್ಗಿಲ್ಲವಂತೆ” ಎಂದಳು ಮಗಳು.

ಮೂವರದ್ದೇ ಲೆಕ್ಕ ಎಂಬುದು ನನಗೂ ಗೊತ್ತು, ವಿಜ್ಞಾನಿಗಳ ನಡುವೆ ವಾದ ನಡೆದೇ ಇದೆ. ಆದರೆ ನನ್ನ ಕೆನ್ನೆಗೆ ಹತ್ತಿ ಸವರಿದಾಗ ಬೆರಳಿಗೆ ಏನೂ ಆಗದೆ ಇದ್ದದ್ದು ನೆನಪಾಯಿತು. ಚಾಳಿನಲ್ಲಿ ಊರಿಗೆ ಹೋದವರ ಖೋಲಿಗೆ ಬೀಗ ಇರುತ್ತಿತ್ತು, ಬಾಗಿಲ ಮೇಲೆ ಹೆಸರು ಹಾಗೇ ಇರುತ್ತಿತ್ತು, ಒಳಗೆ ಪಾತ್ರೆ ಮಂಚ ಇಟ್ಟಲ್ಲೇ ಇರುತ್ತಿದ್ದವು. ನನ್ನ ಇಷ್ಟು ವರ್ಷದ ಕೆಲಸ, ಹಾಳೆ ಬೀಸುವುದು, ದಾರ ಎಳೆಯುವುದು, ರಟ್ಟಿನ ಅಂಚು ಸವರುವುದು, ಎಲ್ಲ ಒಳಗೆ ಇಟ್ಟಲ್ಲೇ ಇದೆ. ಮರೆತುಬಿಡಿ ಎಂದವರ ಮಾತು ನನ್ನಿಂದ ಯಾಕೆ ಆಗಲಿಲ್ಲ ಎಂದು ಈಗ ತಿಳಿಯಿತು. ಸೊಟ್ಟ ಕನ್ನಡಿಯನ್ನು ಒಪ್ಪದೆ ಇದ್ದದ್ದೂ ಅದಕ್ಕೇ ಇರಬೇಕು ಎಂದು ನನ್ನ ನಂಬಿಕೆ: ಒಳಗೆ ನನ್ನ ಕೈಯ ಸರಿಯಾದ ಅಳತೆ ಇದೆ.

ಕೃತಕ ಕೈ ಬಗ್ಗೆ ಕೇಳುವವರಿಗೆ: ಹಾಜಿ ಅಲಿಯಲ್ಲಿ 1955ರಿಂದ ಇರುವ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆಗೆ ಹೋಗಿ ಅಳತೆ ಕೊಟ್ಟು ಬಂದಿದ್ದೇನೆ. ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿಯಿರಿ. ಕೈ ಬಂದು ನಾಲ್ಕಾರು ತಿಂಗಳು ಬಳಸಿದಮೇಲೆ ಬೇರೆಯಾಗಿ ಬರೆಯುತ್ತೇನೆ.

ಆನ್‌ಲೈನ್ ಪೆಟ್ಟಿಗೆಗೆ ಐದರಲ್ಲಿ ಎರಡು. ಹಗುರ ಎಂಬುದಕ್ಕೆ ಮಾತ್ರ. ಫ್ರೇಮ್ ಅಂಗಡಿಯ ಕನ್ನಡಿಗೆ ನಾಲ್ಕೂವರೆ. ಎರಡೂ ಕೈ ಹೋದವರಿಗೆ ಇದು ಆಗುವುದಿಲ್ಲ. ಮಾಡಿಸುವವರು ನಿಮ್ಮ ಊರಿನ ಯಾವುದೇ ಕಟ್ಟು ಹಾಕುವ ಅಂಗಡಿಯಲ್ಲಿ ಮೇಲಿನ ಅಳತೆ ಕೊಡಿ. ಕಾಲಿಗಾದರೆ ನೆಲಕ್ಕೆ ಅಥವಾ ಹಾಸಿಗೆಗೆ ಇಡುವಂಥ ಉದ್ದದ ಕನ್ನಡಿ ಬೇಕು, ನಾಲ್ಕು ಅಡಿಯಾದರೂ. ಅಂಚು ಉಜ್ಜಿಸುವುದನ್ನು ಮರೆಯಬೇಡಿ, ಮೋಟಿನ ಚರ್ಮ ಬಹಳ ಸೂಕ್ಷ್ಮ. ಡೊಂಬಿವಲಿಯ ಅಂಗಡಿಯವರು ನನ್ನ ಅಳತೆಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ‘ಕೈ ಕನ್ನಡಿ 24×18’ ಎಂದು ಬರೆದಿಟ್ಟುಕೊಂಡಿದ್ದಾರೆ. ಆಮೇಲೆ ಕಲ್ಯಾಣದಿಂದ ಬಂದ ಒಬ್ಬರಿಗೂ ಮಾಡಿಕೊಟ್ಟರಂತೆ, ಅವರಿಗೆ ಎಡಕ್ಕೆ ಮುಖ ಮಾಡಿ.